ಬಾಗಿಲಲ್ಲಿ ಹೇಳಬೇಕಾದ ಸತ್ಯ

ಬಾಗಿಲು ತಟ್ಟಿದವರಿಗೆಲ್ಲ ಒಳಗೆ ಯಾರಿದ್ದಾರೆಂದು ಹೇಳಬೇಕೆ? ಜಾಲತಾಣಗಳಿಗೆ ನೋಂದಣಿ ಮತ್ತು ಲಾಗಿನ್ ಪುಟ ಕಟ್ಟುವುದು ನನ್ನ ಕಸುಬು. ಹಾಗಾಗಿ ಈ ಪ್ರಶ್ನೆ ನನಗೆ ಪದೇ ಪದೇ ಎದುರಾಗುತ್ತದೆ.

2003ರಲ್ಲಿ ಶುರುವಾದ ವರ್ಡ್‌ಪ್ರೆಸ್ಸನ್ನೇ ನೋಡಿ. ನಾವೇನೂ ಬದಲಿಸದಿದ್ದರೆ ಅದರ ಲಾಗಿನ್ ಪುಟ ಎರಡು ಬಗೆಯ ಉತ್ತರ ಕೊಡುತ್ತದೆ. ಇಲ್ಲದ ಹೆಸರು ಬರೆದರೆ ಅದು ಇಲ್ಲಿ ನೋಂದಣಿಯಾಗಿಲ್ಲ ಎನ್ನುತ್ತದೆ. ಇರುವ ಹೆಸರಾದರೆ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಎರಡೂ ನಿಜ, ಎರಡರಿಂದಲೂ ಉಪಕಾರವಿದೆ. ಒಂದಕ್ಷರ ತಪ್ಪಿ ಒತ್ತಿದ ಹಿರಿಯರಿಗೆ ತಾವು ಎಲ್ಲಿ ಎಡವಿದೆವೆಂದು ತಿಳಿಯುತ್ತದೆ.

ಆದರೆ ಅಲ್ಲಿ ಇನ್ನೊಬ್ಬರ ಇಮೇಲ್ ಬರೆಯುವುದನ್ನು ತಡೆಯುವವರಾರು? ಗಂಡನ ಹೊಡೆತ ತಾಳಲಾರದ ಹೆಂಗಸರು ಸಲಹೆ ಪಡೆಯುವ ತಾಣವೊಂದಿದೆ ಎಂದುಕೊಳ್ಳಿ. ಗಂಡ ಬಂದು ಹೆಂಡತಿಯ ಇಮೇಲ್ ಹಾಕಿ, ಕೈಗೆ ಬಂದ ಪಾಸ್‌ವರ್ಡ್ ಒತ್ತುತ್ತಾನೆ. ‘ಪಾಸ್‌ವರ್ಡ್ ತಪ್ಪು’ ಎಂಬ ಉತ್ತರವೇ ಅವನಿಗೆ ಸಾಕು. ಒಳಗೆ ಹೋಗುವ ಅಗತ್ಯವೂ ಇಲ್ಲ.

ವಿವಾಹೇತರ ಸಂಬಂಧ ಬಯಸುವವರ ಆಶ್ಲಿ ಮ್ಯಾಡಿಸನ್ ತಾಣದಲ್ಲಿ ಪಾಸ್‌ವರ್ಡ್ ಮರೆತವರ ಪುಟ ಸದಸ್ಯರಿಗೂ ಸದಸ್ಯರಲ್ಲದವರಿಗೂ ಒಂದೇ ಮಾತು ಹೇಳುತ್ತಿತ್ತು. ಆದರೆ ಆ ಮಾತು ಮೂಡುವ ಪುಟದ ರೂಪ ಬೇರೆ ಬೇರೆಯಾಗುತ್ತಿತ್ತು. ಭದ್ರತಾ ತಜ್ಞ ಟ್ರಾಯ್ ಹಂಟ್ 2015ರಲ್ಲಿ ಇದನ್ನು ತೋರಿಸಿಕೊಟ್ಟರು. ಬಾಯಿ ಬಿಗಿಹಿಡಿದಿದ್ದರೂ ಮುಖ ಗುಟ್ಟು ಬಿಟ್ಟುಕೊಟ್ಟಿತ್ತು.

ಜರ್ಮನ್ ತತ್ತ್ವಜ್ಞಾನಿ ಕಾಂಟ್ 1797ರ ಪ್ರಬಂಧವೊಂದರಲ್ಲಿ, ಕೊಲೆಗಾರನೇ ಬಾಗಿಲಿಗೆ ಬಂದು ನಿಮ್ಮ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡಬಾರದು ಎಂದು ವಾದಿಸಿದ. ಅಷ್ಟು ಕಟ್ಟುನಿಟ್ಟು ನನಗೆ ಒಪ್ಪಿಗೆಯಿಲ್ಲ. ಆದರೆ ನನ್ನ ಕೆಲಸದಲ್ಲಿ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ‘ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಎಂದರೆ ಅದೂ ನಿಜವೇ. ‘ಈ ವಿಳಾಸದಲ್ಲಿ ಖಾತೆಯಿದ್ದರೆ ಪತ್ರ ಕಳಿಸಿದ್ದೇವೆ’ ಎಂದರೆ ಪೂರ್ತಿ ಸತ್ಯ ಅಂಚೆಪೆಟ್ಟಿಗೆಯ ಒಡೆಯರಿಗೆ ಮಾತ್ರ ಮುಟ್ಟುತ್ತದೆ. ನೋಂದಣಿ ಪುಟಕ್ಕೂ ಇದೇ ನಿಯಮ ಬೇಕು. ಅದು ‘ಈ ಖಾತೆ ಆಗಲೇ ಇದೆ’ ಎಂದುಬಿಟ್ಟರೆ ಲಾಗಿನ್ ಪುಟ ಕಾಪಾಡಿದ್ದೆಲ್ಲ ವ್ಯರ್ಥ.

ಸತ್ಯವಂತಿಕೆಯೆಂದರೆ ಕೇಳಿದವರಿಗೆಲ್ಲ ಗೊತ್ತಿದ್ದನ್ನೆಲ್ಲ ಹೇಳುವುದಲ್ಲ. ಎದುರಿಗಿರುವವರ ಪ್ರಶ್ನೆ ಎದುರಿಗಿಲ್ಲದವರನ್ನು ಕುರಿತದ್ದಾದರೆ, ಆ ಇಲ್ಲದವರ ಹಕ್ಕೂ ಉತ್ತರದಲ್ಲಿ ಸೇರಿರಬೇಕು. ಇದಕ್ಕೆ ಬೆಲೆಯಿದೆ: ಆ ಹಿರಿಯರು ಬಾರದ ಪತ್ರಕ್ಕೆ ಕಾಯುತ್ತ ಕೂರಬೇಕಾದೀತು. ಹಾಗೆಯೇ, ಹೆಂಡತಿಯ ಅಂಚೆಪೆಟ್ಟಿಗೆಯೂ ಗಂಡನ ಕೈಯಲ್ಲಿದ್ದರೆ ನನ್ನ ಪುಟ ಅವಳನ್ನು ಕಾಯಲಾರದು. ಆದರೂ ನಾನು ಹೀಗೆಯೇ ಕಟ್ಟುತ್ತೇನೆ. ಹಿರಿಯರ ತೊಂದರೆಯನ್ನು ಮತ್ತೊಮ್ಮೆ ಪ್ರಯತ್ನಿಸಿ ಸರಿಪಡಿಸಬಹುದು. ಗಂಡನಿಗೆ ಒಮ್ಮೆ ತಿಳಿದದ್ದನ್ನು ಅಳಿಸಲಾಗದು.