ಏಳುವ ಶಕ್ತಿ, ತಣಿಯುವ ಶಕ್ತಿ

ಹಂದನಕೆರೆಯ ತೆಂಗಿನ ತೋಟಗಳ ನಡುವೆ ಬೆಳೆಯುವ ಹಸುಗೂಸಿಗೂ ನಾಡಿನ ಇತರ ಮಕ್ಕಳಂತೆಯೇ 6, 10 ಹಾಗೂ 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ ಹಾಕಿಸಬೇಕಾಗುತ್ತದೆ. ಲಸಿಕೆ ಹಾಕಿಸಿದ ದಿನ ಸಂಜೆ ಮಗುವಿನ ಮೈ ಬಿಸಿಯಾಗುವುದುಂಟು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಆ ಜ್ವರ ಇಳಿದುಹೋಗುತ್ತದೆ. ಜ್ವರ ಏಕೆ ಬಂದಿತೆಂದು ಎಲ್ಲರೂ ಕೇಳುತ್ತೇವೆ. ಅದು ತಾನಾಗಿ ಏಕೆ ಇಳಿಯಿತೆಂದು ಕೇಳುವವರು ವಿರಳ. ಕೋಪವನ್ನು ಕುರಿತು ಚಿಂತಿಸುವವರಿಗೆ ಈ ಎರಡನೆಯ ಪ್ರಶ್ನೆಯಲ್ಲಿಯೇ ಹೆಚ್ಚಿನ ಬೆಳಕಿದೆ.

ತೆಂಗಿನ ಮರದ ಬೇರು, ಗರಿ, ಹೊಂಬಾಳೆಗಳು ನೋಟಕ್ಕೆ ಬೇರೆ ಬೇರೆ. ಆದರೆ ಅವುಗಳ ಜೀವಕೋಶಗಳಲ್ಲಿರುವ ವಂಶವಾಹಿಗಳ ಗ್ರಂಥ ಒಂದೇ. ಯಾವ ಪುಟವನ್ನು ಎಲ್ಲಿ, ಯಾವಾಗ ಓದಬೇಕೆಂಬುದರಲ್ಲಿ ಮಾತ್ರ ವ್ಯತ್ಯಾಸ. ಮನುಷ್ಯನಲ್ಲಿಯೂ ಪ್ರೋಟೀನುಗಳನ್ನು ರೂಪಿಸುವ ಸುಮಾರು 20,000 ವಂಶವಾಹಿಗಳಿದ್ದು, ಅವುಗಳಲ್ಲಿ ಯಾವುವು ಎಚ್ಚರಗೊಳ್ಳಬೇಕೆಂಬುದನ್ನು ನಿರ್ಧರಿಸುವ ವಿಶೇಷ ಪ್ರೋಟೀನುಗಳಿವೆ. ಇವುಗಳನ್ನು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳೆಂದು ಕರೆಯುತ್ತಾರೆ.

ರಂಜನ್ ಸೇನ್ ಹಾಗೂ ಡೇವಿಡ್ ಬಾಲ್ಟಿಮೋರ್ ಎಂಬ ವಿಜ್ಞಾನಿಗಳು 1986ರಲ್ಲಿ ಇಂತಹ ಒಂದು ಪ್ರೋಟೀನನ್ನು ಗುರುತಿಸಿದರು. ಅದರ ಹೆಸರು ಎನ್‌ಎಫ್ ಕಪ್ಪಾ ಬಿ. ರೋಗನಿರೋಧಕ ಜೀವಕೋಶವು ಶಾಂತವಾಗಿರುವಾಗ ಇದು ಕೋಶಕೇಂದ್ರದ ಹೊರಗೆ, ಐ ಕಪ್ಪಾ ಬಿ ಎಂಬ ಮತ್ತೊಂದು ಪ್ರೋಟೀನಿನ ಹಿಡಿತದಲ್ಲಿರುತ್ತದೆ. ರೋಗಾಣುವಿನ ಅಥವಾ ಲಸಿಕೆಯ ಸುಳಿವು ಸಿಕ್ಕೊಡನೆ, ಕೆಲವೇ ನಿಮಿಷಗಳಲ್ಲಿ ಆ ಹಿಡಿತದ ಪ್ರೋಟೀನು ನಾಶವಾಗುತ್ತದೆ. ಬಿಡುಗಡೆ ಹೊಂದಿದ ಎನ್‌ಎಫ್ ಕಪ್ಪಾ ಬಿ ಕೋಶಕೇಂದ್ರವನ್ನು ಹೊಕ್ಕು, ಡಿಎನ್‌ಎಯ ನಿಗದಿತ ಸ್ಥಳಗಳಿಗೆ ಅಂಟಿಕೊಂಡು, ನೂರಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಜ್ವರ ಬರಿಸುವ, ಇತರ ರಕ್ಷಕ ಕೋಶಗಳನ್ನು ಕರೆತರುವ ಸಂದೇಶಗಳು ಆಗ ಸಿದ್ಧವಾಗುತ್ತವೆ.

ನಾವು ಗಮನಿಸಬೇಕಾದ ಸಂಗತಿ ಇನ್ನು ಮುಂದಿದೆ. ಹೀಗೆ ಮೊಟ್ಟಮೊದಲು ಎಚ್ಚರಗೊಳ್ಳುವ ವಂಶವಾಹಿಗಳಲ್ಲಿ ಐ ಕಪ್ಪಾ ಬಿ ಪ್ರೋಟೀನನ್ನು ತಯಾರಿಸುವ ವಂಶವಾಹಿಯೂ ಒಂದು! ಹೊಸದಾಗಿ ಹುಟ್ಟಿದ ಈ ಪ್ರೋಟೀನು ಕೋಶಕೇಂದ್ರದೊಳಕ್ಕೆ ಹೋಗಿ, ತನ್ನನ್ನು ಹುಟ್ಟಿಸಿದವನನ್ನೇ ಡಿಎನ್‌ಎಯಿಂದ ಬಿಡಿಸಿ ಹೊರಕ್ಕೆ ಕರೆತರುತ್ತದೆ. ಅಪಾಯವು ಇನ್ನೂ ಇದ್ದರೆ ಎನ್‌ಎಫ್ ಕಪ್ಪಾ ಬಿ ಮತ್ತೆ ಏಳುತ್ತದೆ. ಮತ್ತೆ ತನ್ನ ಕಡಿವಾಣವನ್ನು ತಾನೇ ಹೆಣೆಯುತ್ತದೆ. ಜ್ವರ ಇಳಿಯಲು ಇದೊಂದೇ ಕಾರಣವಲ್ಲವಾದರೂ, ಹೋರಾಟದ ಮೊದಲ ಆಜ್ಞೆಯಲ್ಲಿಯೇ ಸಂಯಮದ ಆಜ್ಞೆಯೂ ಸೇರಿರುವುದು ಚಿಂತನಾರ್ಹವಾಗಿದೆ.

ಈ ಸಂಯಮ ತಪ್ಪಿದರೆ ಏನಾದೀತು? ಫಾಕ್ಸ್‌ಪಿ3 ಎಂಬ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ರೋಗನಿರೋಧಕ ಪಡೆಯನ್ನು ಹದ್ದಿನಲ್ಲಿಡುವ ನಿಯಂತ್ರಕ ಟಿ ಜೀವಕೋಶಗಳನ್ನು ರೂಪಿಸುತ್ತದೆ. ಇದರ ವಂಶವಾಹಿಯಲ್ಲಿ ದೋಷವಿರುವ ಗಂಡುಮಕ್ಕಳಲ್ಲಿ ರಕ್ಷಕ ಕೋಶಗಳೇ ಕರುಳು, ಮೇದೋಜೀರಕ ಗ್ರಂಥಿ, ಚರ್ಮಗಳ ಮೇಲೆ ಎರಗುತ್ತವೆ. ಹೊರಗಿನ ಶತ್ರುವಿಲ್ಲದೆಯೇ ಮನೆ ಸುಡುತ್ತದೆ. ಈ ರಹಸ್ಯವನ್ನು ಬಿಡಿಸಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಹಾಗೂ ಶಿಮೊನ್ ಸಕಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಸಂಯಮವೆಂದರೆ ಮೌನವೆಂದು ಭಾವಿಸಲಾಗದು. ರೋಗಾಣುವಿನೆದುರು ಏಳದ ದೇಹ ಉಳಿಯುವುದಿಲ್ಲ. ಅನ್ಯಾಯದೆದುರು ಏಳದ ಕುಟುಂಬವೂ ಸಮಾಜವೂ ಆರೋಗ್ಯದಿಂದಿರುವುದಿಲ್ಲ. ದುರ್ಬಲನ ಪಾಲನ್ನು ಕಸಿದುಕೊಳ್ಳುವವನ ಮುಂದೆ ಮೃದುವಾಗಿರುವುದು ಸದ್ಗುಣವೇನೂ ಅಲ್ಲ. ಆದ್ದರಿಂದ ಸಿಟ್ಟಾಗಬೇಕೇ ಬೇಡವೇ ಎಂಬುದಕ್ಕಿಂತಲೂ, ಆ ಸಿಟ್ಟಿನ ಮೇರೆಯನ್ನು ನಾವು ಯಾವಾಗ ಗೊತ್ತುಮಾಡುತ್ತೇವೆ ಎಂಬುದೇ ಮುಖ್ಯ ಪ್ರಶ್ನೆ. ಬದುವಿನ ಮೇಲಿನ ಒಂದು ತೆಂಗಿನ ಮರದ ಕಾಯಿಗಾಗಿ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಬಹುದು. ಹಕ್ಕು ಕೇಳುವುದು ತಪ್ಪಲ್ಲ. ಆದರೆ ಎಲ್ಲವೂ ಮುಗಿದ ಮೇಲೆ ತಣ್ಣಗಾಗೋಣವೆಂದು ಕಾದರೆ, ಅಷ್ಟರಲ್ಲಿ ಮಕ್ಕಳು ಪರಸ್ಪರ ಮುಖ ನೋಡದವರಾಗಿರುತ್ತಾರೆ. ಕಾಯಿಗಿಂತ ದೊಡ್ಡದು ಕಳೆದುಹೋಗಿರುತ್ತದೆ.

ಜೀವಕೋಶಕ್ಕೆ ಸ್ವಾತಂತ್ರ್ಯವಿಲ್ಲ. ಅದು ಸಂಯಮವನ್ನು ಆರಿಸಿಕೊಳ್ಳುವುದಿಲ್ಲ. ಅದರ ರಚನೆಯೇ ಹಾಗಿದೆ. ಆದ್ದರಿಂದ ಅದಕ್ಕೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಅರಿವಿಲ್ಲದೆ ದೇಹ ಮಾಡುವುದನ್ನು ಮನುಷ್ಯನು ಅರಿತು, ಮನಸಾರೆ ಮಾಡಬೇಕಾಗಿದೆ. ದನಿಯೇರಿಸುವ ಮೊದಲೇ ಎಲ್ಲಿ ನಿಲ್ಲಬೇಕೆಂದು ನಿಶ್ಚಯಿಸಿಕೊಂಡವನ ಕೋಪ ಮನೆಯನ್ನು ಕಾಯುತ್ತದೆ. ಹಾಗೆ ನಿಶ್ಚಯಿಸದವನ ಕೋಪ ಅದೇ ಮನೆಯನ್ನು ಸುಡುತ್ತದೆ.