ಹಿಟ್ಟಿನ ಹಂಬಲ ತಪ್ಪೇ?

ಹೊಟ್ಟೆಪಾಡಿಗೆ ಊರು ಬಿಟ್ಟವನು ಹೋದ ಕಡೆ ಸಿಕ್ಕಿದ್ದನ್ನು ಉಂಡು ಸುಮ್ಮನಿರಬೇಕೋ, ಇಲ್ಲಾ ತನ್ನೂರ ಊಟ ಹುಡುಕಿಕೊಂಡು ಅಲೆಯಬಹುದೋ? ಈ ಪ್ರಶ್ನೆ ನಮ್ಮ ಜಗಲಿ ಮೇಲೆ ಎದ್ದದ್ದು ಒಂದು ಕಿಲೋ ರಾಗಿಹಿಟ್ಟಿನ ದೆಸೆಯಿಂದ. ನನ್ನ ತಮ್ಮನ ಮಗ ದುಬೈಯಲ್ಲಿ ವೈರಿಂಗ್ ಕೆಲಸ ಮಾಡ್ತಾನೆ. ರಜಾ ದಿನ ಬಸ್ಸು ಹತ್ತಿ ಹೋಗಿ, ಅಕ್ಕಿಗಿಂತ ಹೆಚ್ಚು ದುಡ್ಡು ಕೊಟ್ಟು ಹಿಟ್ಟು ತಂದೆ ದೊಡ್ಡಪ್ಪ ಅಂತ ಫೋನಿನಲ್ಲಿ ಹೇಳಿದ. ಪಕ್ಕದಲ್ಲಿದ್ದ ಊರ ಹಿರಿಯರೊಬ್ಬರು, "ಸಾಲ ತೀರ್ಸೋಕೆ ಹೋದೋನಿಗೆ ನಾಲಿಗೆ ಚಪಲ ಯಾಕೆ? ಉಂಡ ಮನೆಗೆ ಎರಡು ಬಗೆದ ಹಾಗಾಯ್ತು" ಅಂದರು.

ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಪದ ಹೇಳುವ ನಮ್ಮಂಥವರಿಗೆ ಮೊದಲ ಪಾಠವೇ ಅದು. ಮೆಟ್ಟೂರು, ಪಾಲಾರು ದಾರಿ ಹಿಡಿದು ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಎಷ್ಟೋ ಮನೆಯಲ್ಲಿ ಉಂಡಿದ್ದೇನೆ. ಇಕ್ಕಿದ್ದು ತಿನ್ನಬೇಕು, ಇಕ್ಕದ್ದು ಕೇಳಬಾರದು, ಉಪ್ಪು ಸಾಲದು ಅಂತ ಕೂಡ ಅನ್ನಬಾರದು. ಆದರೆ ಹಾಡುಗಾರ ಒಂದು ರಾತ್ರಿಯ ನೆಂಟ. ಹುಡುಗ ಅಲ್ಲಿ ಮೂರು ವರ್ಷದಿಂದ ಇದ್ದಾನೆ. ಒಂದು ರಾತ್ರಿಯ ನ್ಯಾಯವನ್ನು ಸಾವಿರ ರಾತ್ರಿಗೆ ಹಾಕೋಕಾಗುತ್ತಾ?

ಇನ್ನು ಚಪಲ ಅಂದ ಮಾತು. ಚಪಲ ದೊಡ್ಡವರ ಊಟ ಬೇಡುತ್ತೆ, ಬಿರಿಯಾನಿ ಬೇಡುತ್ತೆ. ಇವನು ಬೇಡಿದ್ದು ಬಡವರ ಹಿಟ್ಟು, ಹುರುಳಿ ಸಾರು. ಚಿಕ್ಕೋನಾಗಿದ್ದಾಗ ಮುದ್ದೆ ಕಂಡರೆ ತಟ್ಟೆ ತಳ್ಳುತ್ತಿದ್ದವನು ಇವನೇ! ಅಲ್ಲಿ ಯಾರೂ ಅವನನ್ನು ಉಪವಾಸ ಕೆಡವಿಲ್ಲ. ಮೆಸ್ಸಿನಲ್ಲಿ ಅನ್ನ ಇದೆ, ಕೋಳಿ ಇದೆ, ಖುಬ್ಬೂಸ್ ಅನ್ನೋ ರೊಟ್ಟಿ ಇದೆ. ಹೊಟ್ಟೆ ತುಂಬುತ್ತೆ, ಉಂಡ ಹಾಗಾಗೋದಿಲ್ಲ ಅಂತಾನೆ. ಈ ಎರಡರ ನಡುವೆ ಏನಿದೆ ಅನ್ನೋದೇ ನನ್ನ ಯೋಚನೆ.

ಮೊದಲ ಸಲ ಅವನ ಮುದ್ದೆ ಮೇಲೆ ಬೆಂದು ಒಳಗೆ ಹಸಿಹಿಟ್ಟಾಗಿತ್ತಂತೆ. ಕೋಲಿಲ್ಲ, ಲಟ್ಟಣಿಗೆಯಲ್ಲಿ ತೊಳಸಿದ್ದಾನೆ. ತಾಯಿಗೆ ಫೋನು ಮಾಡಿ ಕೇಳಿ ಕೇಳಿ ನಾಲ್ಕನೇ ಸಲಕ್ಕೆ ಸರಿ ಬಂತು. ಕೋಣೆಯಲ್ಲಿದ್ದ ಹರೂರಿನ ತಮಿಳು ಹುಡುಗ ಅದನ್ನು ನೋಡಿ "ಕಳಿ" ಅಂದ, ಚಿತ್ತೂರಿನವನು "ಸಂಗಟಿ" ಅಂದ. ಕೆಳಗೆ ವಾಚ್‌ಮನ್ ಕೆಲಸಕ್ಕಿದ್ದ ಉಗಾಂಡ ದೇಶದವನು ಬಂದು, ಇದು ನಮ್ಮ "ಕಾಲೋ" ಅಂದನಂತೆ. ಅವರ ದೇಶದಲ್ಲೂ ರಾಗಿಹಿಟ್ಟನ್ನು ಹೀಗೇ ಗಟ್ಟಿಯಾಗಿ ತೊಳಸಿ ಉಣ್ಣುತ್ತಾರೆ, ಮರಗೆಣಸಿನ ಹಿಟ್ಟನ್ನೂ ಬೆರೆಸುತ್ತಾರೆ. ನಾವು ಮರಗೆಣಸನ್ನು ಸೇಲಂ ಕಡೆ ಜವ್ವಕ್ಕಿ ಮಿಲ್ಲಿಗೆ ಕಳಿಸಿಬಿಡ್ತೀವಿ, ಅದು ಬೇರೆ ಮಾತು.

ರಾಗಿ ಹುಟ್ಟಿದ್ದೇ ಆಫ್ರಿಕಾದ ಪೂರ್ವದ ಬೆಟ್ಟಸೀಮೆಯಲ್ಲಿ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು. ಮೇಷ್ಟರುಗಳಿಗೆ ಇದು ಗೊತ್ತಿರುತ್ತೆ, ನನಗೆ ತಿಳಿದಾಗ ಮಾತ್ರ ನಗು ಬಂತು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ಯಾರು ದೊಡ್ಡವರು ಅಂತ ಜಗಳ ಬೀಳುತ್ತೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿ, ಸೊರಗದೆ ಉಳಿದ ರಾಗಿಗೆ ತನ್ನ ಹೆಸರನ್ನೇ ಕೊಡ್ತಾನೆ. ಹಾಗೆ ರಾಮನ ಹೆಸರು ಹೊತ್ತದ್ದೂ ಪರದೇಶದಿಂದ ಬಂದ ಕಾಳೇ ಆಯ್ತಲ್ಲ! 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ಸೀಮೆ ಮದರಾಸಿನಲ್ಲೇ ಉಳೀತು. ಹಿಟ್ಟಿಗೆ ಆ ಗೆರೆ ಇಲ್ಲ, ಹೊಳೆ ಆಚೆಗೂ ಈಚೆಗೂ ಅದೇ. ಹೀಗಿರುವಾಗ ಅದು ನಮ್ಮ ನೆಲದ ಊಟ, ಅದಕ್ಕೇ ಹುಡುಗ ಹಂಬಲಿಸಿದ ಅಂದರೆ ನಾನು ಪೂರ್ತಿ ಒಪ್ಪೋದಿಲ್ಲ.

ನೆಲದ ಹಂಬಲವೇ ಆಗಿದ್ದರೆ ನೆಲದ ಮೇಲೇ ಇರುವ ನಾವು ಯಾಕೆ ಬಿಟ್ಟೆವು? 2011ರಿಂದ ಕಾರ್ಡಿಗೆ 20 ಕಿಲೋ ಅಕ್ಕಿ ಪುಕ್ಕಟೆ ಬಂತು. ರಾಗಿ ಹೊಲದಲ್ಲಿ ಟೊಮ್ಯಾಟೊ, ಮರಗೆಣಸು ನಿಂತವು. 2023ರಲ್ಲಿ ನೀಲಗಿರಿಗೂ ನಮ್ಮ ಧರ್ಮಪುರಿಗೂ 2 ಕಿಲೋ ಅಕ್ಕಿಯ ಬದಲು 2 ಕಿಲೋ ರಾಗಿಯನ್ನು ಸರ್ಕಾರವೇ ಕೊಡೋಕೆ ಶುರು ಮಾಡಿತು. ರಾಗಿ ಬೆಳೆದ ಊರಿಗೆ ರೇಷನ್ ಅಂಗಡಿಯಿಂದ ರಾಗಿ.

ಮಕ್ಕಳಿಗೆ ರುಚಿಸೋದಿಲ್ಲ, ಅದಕ್ಕೆ ಬಿಟ್ಟೆವು ಅಂತಾರೆ. ಅದು ಅರ್ಧ ಮಾತು. ಅನ್ನ ತಾನೇ ಬೇಯುತ್ತೆ, ಹಿಟ್ಟು ತಾನೇ ಬೇಯೋದಿಲ್ಲ. ಎಸರು ಕುದಿಯಬೇಕು, ಹಿಟ್ಟು ಸುರಿದು ಕಾಯಬೇಕು, ಮಡಕೆ ಅಲ್ಲಾಡದ ಹಾಗೆ ಕವೆಗೋಲು ಕೊಟ್ಟು, ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡು, ಗಂಟು ಒಡೆಯೋವರೆಗೆ ತೊಳಸಬೇಕು. ಹತ್ತು ಜನಕ್ಕೆ ಎರಡು ಹೊತ್ತು ತೊಳಸುತ್ತಿದ್ದ ನಮ್ಮವ್ವನ ಬಲಭುಜ ಎಡಭುಜಕ್ಕಿಂತ ದಪ್ಪ ಇತ್ತು. ಆ ಭುಜವನ್ನು ಹೊಗಳಿ ಯಾರೂ ಪದ ಕಟ್ಟಲಿಲ್ಲ. ರಾಗಿ ಬೀಸುವ ಪದ ಬೇಕಾದಷ್ಟಿವೆ, ಅವನ್ನು ಕಟ್ಟಿದವರೂ ಬೀಸಿದ ಹೆಂಗಸರೇ.

ಅದಕ್ಕೇ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: ದೂರ ಹೋದವನು ಹಿಟ್ಟಿಗೆ ಹಂಬಲಿಸಿದರೆ ತಪ್ಪಿಲ್ಲ, ಇನ್ನೊಬ್ಬರ ಭುಜದ ಮೇಲೆ ಹಂಬಲಿಸಿದರೆ ಕಷ್ಟ. ಈ ಹುಡುಗ ಉಣ್ಣುವುದಕ್ಕೆ ಮೊದಲು ತೊಳಸಿದ. ಹೊಟ್ಟೆ ತುಂಬುವುದಕ್ಕೂ ಉಂಡ ಹಾಗಾಗುವುದಕ್ಕೂ ನಡುವೆ ಇದ್ದದ್ದು ಆ ಕೈ. ತಾಯಿ ಪಟ್ಟ ಪಾಡು ಅವನಿಗೆ ತಿಳಿದದ್ದು ಅಷ್ಟು ದೂರ ಹೋಗಿ, ಲಟ್ಟಣಿಗೆ ಹಿಡಿದು. ಹಿರಿಯರು ಒಪ್ಪಲಿಲ್ಲ. "ಗಂಡಸು ಒಲೆ ಮುಂದೆ ಕೂತರೆ ಹಂಬಲ ಶುದ್ಧ ಆಗ್ಬುಡುತ್ತಾ?" ಅಂದರು. ಶುದ್ಧವೋ ಏನೋ, ಹಗುರ ಆಗುತ್ತೆ ಅಂದೆ.

ಹೋದ ದೀಪಾವಳಿಗೆ ಹುಡುಗ ರಜಾ ಮೇಲೆ ಬಂದ. ರೇಷನ್ ರಾಗಿಯನ್ನೇ ಬೀಸಿಸಿಕೊಂಡು ಬಂದು, ತಾಯಿಯನ್ನು ಮಣೆ ಮೇಲೆ ಕೂರಿಸಿ ತಾನೇ ತೊಳಸಿದ. ಆಕೆಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ, "ಎಸರು ಜಾಸ್ತಿ ಆಯ್ತು ಕಣಪ್ಪ, ಉರಿ ತೆಗಿ" ಅನ್ನುತ್ತಲೇ ಇದ್ದಳು. ಮುದ್ದೆ ಕಟ್ಟಿ ಎಲ್ಲರ ತಟ್ಟೆಗೆ ಇಟ್ಟ ಮೇಲೆ ಕೇಳಿದಳು: "ನಾಳೆ ಹೆಂಡ್ತಿ ಬಂದ್ಮೇಲೂ ಹಿಂಗೇ ತೊಳಸ್ತೀಯೇನೋ?" ಹುಡುಗ ನಕ್ಕ, ಉತ್ತರ ಕೊಡಲಿಲ್ಲ. ತೈ ತಿಂಗಳಲ್ಲಿ ಹೆಣ್ಣು ನೋಡೋಕೆ ಹೋಗಬೇಕು.