ವಖಾರಿಯ ಆಚೆಗಿನ ಸುಖ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೋಮ್‌ಸ್ಟೇಗಳಿಗೆ ಬರುವ ಬೆಂಗಳೂರಿನವರು ತಂಬುಳಿ ಉಂಡು ಜಗಲಿಯಲ್ಲಿ ಕೂತರೆ ಬರುವ ಮಾತು ಒಂದೇ: 'ನೀವೇ ಪುಣ್ಯವಂತರು ಬಿಡಿ.' ಮಕ್ಕಳು ಊರು ಬಿಟ್ಟಿದ್ದು, ತೋಟ ನೋಡಿಕೊಂಡಿರುವ ಹುಡುಗನಿಗೆ ಹೆಣ್ಣು ಸಿಗದಿದ್ದು ಆ ಗಳಿಗೆಗೆ ನಮಗೂ ಮರೆತುಹೋಗುತ್ತದೆ. ನಾನು ಸುಖವಾಗಿದ್ದೇನೆಯೇ ಎಂದು ನನ್ನ ಮನಸ್ಸನ್ನೇ ಕೇಳಿ ತೀರ್ಮಾನಿಸುವುದು ಈ ಕಾಲದ ರೂಢಿ. ಆ ಸುಖ ಎಲ್ಲಿಂದ ಬಂತೆಂದು ಕೇಳುವುದು ಮಾತ್ರ ಅಧಿಕಪ್ರಸಂಗ.

ಸುಖದ ಬಗ್ಗೆ ಯೋಚಿಸಿದ ಗ್ರೀಸಿನ ತತ್ವಜ್ಞಾನಿ ಎಪಿಕ್ಯೂರಸ್ ಅಥೆನ್ಸಿನ ತೋಟವೊಂದರಲ್ಲಿ ಪಾಠ ಹೇಳುತ್ತಿದ್ದ. ನೋವಿಲ್ಲದ ಮೈ, ಕಳವಳವಿಲ್ಲದ ಮನಸ್ಸು, ಗೆಳೆಯರು, ಸರಳ ಊಟ, ಅವನ ಲೆಕ್ಕದಲ್ಲಿ ಇಷ್ಟಿದ್ದರೆ ಸಾಕು. ಅಡಿಕೆ ಸುಲಿಯುವ ರಾತ್ರಿಗಳನ್ನು ಕಂಡವರಿಗೆ ಇದು ಹೊಸತಲ್ಲ. ಅಂಗಳದಲ್ಲಿ ಅಡಿಕೆ ಕೊನೆಗಳ ರಾಶಿ, ಸಾಲಾಗಿ ಮೆಟ್ಟುಗತ್ತಿ, ಹಂಡೆಯಿಂದ ಏಳುವ ತೊಗರಿನ ವಾಸನೆ, ಯಾರೋ ಎತ್ತಿಕೊಂಡ ತಾಳಮದ್ದಳೆಯ ಸುದ್ದಿ, ನಡುನಡುವೆ ಕವಳ. ಬೆರಳು ಕಪ್ಪಾಗಿದ್ದರೂ ಬೇಗ ಏಳುವ ಮನಸ್ಸಿರುವುದಿಲ್ಲ. ಅವನ ತೋಟ ಶಿಷ್ಯರ ಕಾಣಿಕೆಯಿಂದ ನಡೆಯುತ್ತಿತ್ತು, ನಮ್ಮದು ಅಡಿಕೆಯಿಂದ.

ಆ ಅಡಿಕೆಯಲ್ಲಿ ದೊಡ್ಡ ಪಾಲು ವಖಾರಿಯ ಟೆಂಡರ್ ಮುಗಿಸಿ ಉತ್ತರ ಭಾರತದ ಪಾನ್ ಮಸಾಲೆಗೆ ಹೋಗುತ್ತದೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಸದಾ ಜಗಿಯುವವನ ಕೆನ್ನೆಯೊಳಗಿನ ಚರ್ಮ ಬಿಗಿಯುತ್ತಾ ಬಂದು, ಕೊನೆಗೆ ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯದಂತಾಗುತ್ತದೆ. ಅವನಿಗೆ ಶಿರಸಿ ಎಲ್ಲಿದೆಯೆಂದೂ ಗೊತ್ತಿರುವುದಿಲ್ಲ.

ಇದನ್ನೆತ್ತಿದರೆ ಉತ್ತರಗಳು ಸಿದ್ಧವಾಗಿವೆ. ದೋಷ ತಂಬಾಕಿನದು, ನಮ್ಮಜ್ಜ ಸಾಯುವವರೆಗೂ ಕವಳ ಹಾಕಿದ, ಇತ್ಯಾದಿ. ಇವನ್ನು ಬಿಡೋಣ. ತೂಕದ ಮಾತು ಒಂದೇ: 'ನಾವು ಬಿಟ್ಟರೆ ಬಯಲುಸೀಮೆಯವರು ಬೆಳೆಯುತ್ತಾರೆ.' ನಿಜ. ದಾವಣಗೆರೆ, ಚಿತ್ರದುರ್ಗದಲ್ಲಿ ಬೋರ್‌ವೆಲ್ ನೀರಿಗೆ ಅಡಿಕೆ ಆಗಲೇ ಎದ್ದಿದೆ. ನನ್ನೊಂದು ಎಕರೆಯಿಂದ ಲೋಕದ ನೋವು ಗುಂಜಿಯಷ್ಟೂ ಕಡಿಮೆಯಾಗದು.

ಆದರೆ ಇದೇ ಸೀಮೆಯವರು 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಾಡಿಗೆ ಹೋಗಿ, ಕಡಿಯಲು ಬಂದವರನ್ನು ತಡೆಯಲು ಮರ ಅಪ್ಪಿಕೊಂಡರಲ್ಲ! ನಾನು ಅಪ್ಪಿದ್ದನ್ನು ಬಿಟ್ಟು ಪಕ್ಕದ್ದನ್ನು ಕಡಿಯುತ್ತಾರೆ ಎಂದು ಅಂದು ಎಲ್ಲರೂ ಲೆಕ್ಕ ಹಾಕಿದ್ದರೆ ಅಪ್ಪಿಕೋ ಚಳವಳಿಯೇ ಇರುತ್ತಿರಲಿಲ್ಲ. ಅಲ್ಲಿ ನಡೆಯದ ಲೆಕ್ಕ ವಖಾರಿಯಲ್ಲಿ ಹೇಗೆ ನಡೆಯುತ್ತದೆ? ಕಾರಣ ಸರಳ ಅನ್ನಿಸುತ್ತದೆ. ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅನುಭವಿಸುತ್ತಾ ಬಂದವರು ನಾವು. ಬೆಟ್ಟ ಬೋಳಾದರೆ ತೋಟಕ್ಕೆ ಸೊಪ್ಪಿಲ್ಲ, ಹಳ್ಳದಲ್ಲಿ ನೀರಿಲ್ಲ. ತೋಟಕ್ಕೆ ಏನು ಬರುತ್ತದೆ ಎಂಬ ಕಡೆಗೆ ನಮ್ಮ ಕಣ್ಣು ಚುರುಕು. ತೋಟದಿಂದ ಏನು ಹೋಗುತ್ತದೆ ಎಂಬ ಕಡೆಗೆ ದರದ ಹಲಗೆ ಅಡ್ಡ ನಿಂತಿದೆ.

ಹಾಗಂತ ಅಡಿಕೆ ಮರ ಕಡಿಯಿರಿ ಎನ್ನುತ್ತಿಲ್ಲ. ಅರ್ಧ ಎಕರೆಯವನಿಗೆ ಹಾಗೆ ಹೇಳುವುದು ಕ್ರೌರ್ಯ. ಬೇರೆ ಬೆಳೆ ಎಂದರೆ ವೆನಿಲ್ಲಾ ದರ ಏರಿ ಬಿದ್ದದ್ದನ್ನು ಜನ ಇನ್ನೂ ಮರೆತಿಲ್ಲ. ಕೊರಗುತ್ತಾ ಕೂರುವುದರಿಂದಲೂ ಯಾರ ಬಾಯಿಯೂ ತೆರೆಯುವುದಿಲ್ಲ. ನನ್ನ ತಕರಾರು ಇಷ್ಟೇ: ಕಣ್ಣು ಮುಚ್ಚಿದ್ದರೆ ಮಾತ್ರ ಉಳಿಯುವ ನೆಮ್ಮದಿಯನ್ನು ಎಪಿಕ್ಯೂರಸ್ ಕೂಡ ಒಪ್ಪುತ್ತಿರಲಿಲ್ಲ. ಭಯ ಹೋಗಬೇಕಾದರೆ ಲೋಕ ಹೇಗಿದೆಯೆಂದು ತಿಳಿಯಬೇಕು ಎಂದವನು ಅವನು.

ದಲ್ಲಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಶಿರಸಿಯ ತೋಟಿಗರು 1923ರಲ್ಲೇ ಟಿಎಸ್‌ಎಸ್ ಎಂಬ ಸಹಕಾರಿ ಸಂಘ ಕಟ್ಟಿದರು. ಕೂಡಿ ಯೋಚಿಸುವುದು ನಮಗೆ ಯಾರೂ ಕಲಿಸಬೇಕಾದ್ದಲ್ಲ. ಯಾವುದಾದರೊಂದು ಸಂಘದ ವಾರ್ಷಿಕ ಸಭೆಯಲ್ಲಿ ದರ, ಆಮದು, ಎಲೆಚುಕ್ಕಿ ರೋಗದ ಚರ್ಚೆ ಮುಗಿದ ಮೇಲೆ ತಿನ್ನುವವನ ವಿಷಯವನ್ನೂ ಯಾರಾದರೂ ಎತ್ತಲಿ. ಹಿಂದಿನ ಸಾಲಿನಿಂದ 'ಮೊದಲು ಕೊಳೆರೋಗಕ್ಕೆ ಔಷಧಿ ಹೇಳಿ' ಎಂಬ ಕೂಗು ಬಂದೇ ಬರುತ್ತದೆ. ಬರಲಿ, ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಲಿ.